ರಾಗಿಕಲ್ಲಿನ ಪದ ಕಟ್ಟಿದವರು

ಆ ರಾಗಿ ಬೀಸುವ ಪದವನ್ನು ಕಟ್ಟಿದ್ದು ನಮ್ಮಜ್ಜಿ ಎಂದು ಕಾಮಸಮುದ್ರದ ಸುತ್ತಲಿನ ನಮ್ಮ ನೆಂಟರೆಲ್ಲ ಇವತ್ತಿಗೂ ಹೇಳುತ್ತಾರೆ. ಹೊಸ ಸೊಸೆಯಾಗಿ ಬಂದ ವರ್ಷವೇ ಕಲ್ಲಿನ ಮುಂದೆ ಕೂತು ಕಟ್ಟಿದಳಂತೆ. ಕಂಡವರು ಯಾರು ಎಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಎಪ್ಪತ್ತರ ದಶಕದ ಕೊನೆ. ನಾನು ರಾಬರ್ಟ್‌ಸನ್‌ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಎರಡು ಕಪ್ ಗೆದ್ದ ಮೇಲೆ, ಮನೆಯಲ್ಲಿ ಯಾರು ಏನು ಹೇಳಿದರೂ ಪುರಾವೆ ಕೇಳುವ ಚಾಳಿ ಹತ್ತಿತ್ತು. ಜನಪದ ಹಾಡು ಸಂಗ್ರಹಿಸುವ ಮೇಷ್ಟ್ರೊಬ್ಬರು ಟೇಪ್‌ರೆಕಾರ್ಡರ್ ಹೊತ್ತು ನಮ್ಮ ಮನೆಗೆ ಬಂದರು. ಪದ ಪುಸ್ತಕದಲ್ಲಿ ಅಚ್ಚಾಗುತ್ತದೆ, ಕೆಳಗೆ ಕಟ್ಟಿದವರ ಹೆಸರೂ ಇರುತ್ತದೆ ಎಂದರು. ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಅಂದು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. "ನಮ್ಮಮ್ಮಂದೇ ಸಾರ್, ಬರ್ಕೊಳಿ," ಎಂದ.

ಬೀಸುವಾಗ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ನಮ್ಮ ಮನೆಯ ರೂಢಿಯಲ್ಲಿ, ಕಲ್ಲಿನ ಬಾಯಿಗೆ ಕಾಳು ಹಾಕುವವಳೇ ಪದ ಎತ್ತಬೇಕು. ಎದುರಿನವಳು ಹಿಂದೆ ಹೇಳಬೇಕು. ನಾನು ಕಂಡಂತೆ ದಿನವೂ ಕಾಳು ಹಾಕುತ್ತಿದ್ದವಳು, ಕೂಲಿಗೆ ಬೀಸಲು ಬರುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು. ಅಂದು ಮಾತ್ರ ರಾಗಿಯ ಮೊರ ಅಜ್ಜಿಯ ಮಗ್ಗುಲಿಗೆ ಬಂದಿತ್ತು. ಯಾರು ಸರಿಸಿದರು?

ಟೇಪಿಗೆ ಹಾಡುತ್ತ ಬೀಸುವಾಗ, ಮೂರನೆಯ ನುಡಿಗೆ ಅಜ್ಜಿ ತಡವರಿಸಿದಳು. ಮುಂದಿನ ಸಾಲು ಹುಡುಕುತ್ತ ಕಾಳು ಹಾಕುವುದನ್ನೇ ಮರೆತಳು. ಕಲ್ಲು ಕರ್ರೆಂದಿತು. ಬರಿಗಲ್ಲು ತಿರುಗಿದರೆ ಮನೆಗೆ ಕೇಡು ಎನ್ನುತ್ತಾರೆ. ಅಕ್ಕ ತಟ್ಟನೆ ಕೈಚಾಚಿ ಒಂದು ಹಿಡಿ ರಾಗಿ ಸುರಿದು, ಅದೇ ಉಸಿರಿನಲ್ಲಿ ಸಾಲನ್ನೂ ಎತ್ತಿಬಿಟ್ಟಳು. ಊರವರ ರಾಗಿ ಬೀಸಿ ಗುಡಿಸಲಿಗೆ ಬರುವಷ್ಟರಲ್ಲಿ ಕೂಸು ಅತ್ತತ್ತು ಮಲಗಿತ್ತು ಎಂಬ ಸಾಲು. ನಮ್ಮಜ್ಜಿ ಯಾವತ್ತು ಊರವರ ರಾಗಿ ಬೀಸಿದ್ದಳು?

ಮೇಷ್ಟ್ರು ಕಾಫಿಗೆಂದು ಜಗಲಿಗೆ ಹೋದಾಗ, ಪದ ನಿಜಕ್ಕೂ ಅಜ್ಜಿಯದೇನಾ ಎಂದು ಕೇಳಿಯೇಬಿಟ್ಟೆ.

"ಬಾಯ್ಮುಚ್ಚೇ," ಎಂದ ಚಿಕ್ಕಪ್ಪ. "ಕಾಲೇಜ್ಗೆ ಕಳ್ಸಿದ್ದು ಅಜ್ಜೀನೇ ಪಾಟಿಸವಾಲು ಮಾಡಾಕಾ?"

"ಪದದಲ್ಲಿರೋ ಗುಡಿಸ್ಲು ಯಾರ್ದು? ಅಷ್ಟು ಹೇಳು ಚಿಕ್ಕಪ್ಪ."

"ಪದ ಅಂದ್ಮ್ಯಾಲೆ ಏನೇನೋ ಬತ್ತದೆ. ಆನೆ ಬತ್ತದೆ, ನಮ್ಮನೇಲಿ ಆನೆ ಐತಾ?"

ಅಜ್ಜಿ ನಕ್ಕಳು. ಅಕ್ಕನೂ ನಕ್ಕಳು, ಮೊದಲು ಅಜ್ಜಿಯ ಮುಖ ನೋಡಿ, ಆಮೇಲೆ. ಚಿಕ್ಕಪ್ಪನ ವಾದ ಚೆನ್ನಾಗಿತ್ತು, ಒಪ್ಪುತ್ತೇನೆ. ಅಷ್ಟು ಸಿದ್ಧವಾಗಿ ಬಾಯಲ್ಲಿದ್ದುದೇ ನನ್ನ ಅನುಮಾನಕ್ಕೆ ಇಂಬು ಕೊಟ್ಟಿತು.

"ಇಷ್ಟು ವರ್ಸ ಆಡಿದೀನಿ ಕಣೇ," ಎಂದಳು ಅಜ್ಜಿ. "ಆಡ್ದೋರ್ದೇ ಪದ."

"ನೀನು ಎತ್ತಿ ಹಾಡಿದ್ದಾ, ಹಿಂದೆ ಹೇಳಿದ್ದಾ?"

ಅಜ್ಜಿ ಸೆರಗು ಕೊಡವಿ ಎದ್ದಳು. "ಸಾರ್ಗೆ ಇನ್ನೊಂದ್ ಲೋಟ ಕಾಫಿ ಕೊಡ್ರೋ," ಎನ್ನುತ್ತ ಜಗಲಿಗೆ ನಡೆದಳು. ಮೇಷ್ಟ್ರು ಆಗಲೇ ಪೆನ್ನು ತೆಗೆದಿದ್ದರು. ಹಿಂದೆಯೇ ಹೋದ ಚಿಕ್ಕಪ್ಪ ತಾಯಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ.

ಅಕ್ಕ ತಲೆ ಎತ್ತದೆ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ಇದು ನನ್ ಪದ ಅಂತ ಬಾಯಿ ಬಿಡ್ಬೇಡ ಅಂತ ನಿಂಗೆ ಹೇಳ್ದೋರು ಯಾರು?"