ಕಾವೇರಿಯ ಕೊನೆಯ ಗದ್ದೆ

ನಿಮ್ಮ ಗದ್ದೆಗೆ ನೀರು ಕೊಟ್ಟ ಮನುಷ್ಯನನ್ನು ನೀವು ಎಂದಾದರೂ ಚಪ್ಪಾಳೆಗಾಗಿ ಕೆಡವಿದ್ದೀರಾ? ನಾನು ಕೆಡವಿದ್ದೇನೆ.

ಕೊತ್ತತ್ತಿಯ ನಮ್ಮ ನೀರುಗಂಟಿಯ ಕಾಲಿನ ಹೆಬ್ಬೆರಳುಗಳಲ್ಲಿ ಉಗುರೇ ಇರಲಿಲ್ಲ. ಕಾಲುವೆಯ ಕೆಸರು ಅವನ್ನು ಎಂದೋ ತಿಂದಿತ್ತು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ಕೆಲಸವನ್ನು ಊರೇ ಅವರಿಗೆ ಒಪ್ಪಿಸಿತ್ತು. ಸರದಿ ಬಂದಾಗ ಅವರು ಮೊದಲು ನೆನೆಸುತ್ತಿದ್ದುದು ಕಟ್ಟಕಡೆಯ ಗದ್ದೆಯನ್ನು. ಮೇಲುಗದ್ದೆಯವರು ಬೈದರೆ, “ಕೊನೇ ಗದ್ದೆ ನೆಂದ್ರೆ ಅದು ಕಾಲ್ವೆ ಕಣ್ಲಾ, ಇಲ್ದಿದ್ರೆ ಬರೀ ಗುಂಡಿ” ಎನ್ನುತ್ತಿದ್ದರು. ಆ ಕಟ್ಟಕಡೆಯ ಗದ್ದೆ ನಮ್ಮದು.

ಒಮ್ಮೆ ಊರಿನವರೊಡನೆ ಚಿದಂಬರಕ್ಕೆ ಯಾತ್ರೆ ಹೋದವರು, ದರ್ಶನದ ಸಾಲು ಬಿಟ್ಟು, ಕಾವೇರಿ ಕಡಲು ಸೇರುವ ಕಡೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಕಾಡನ್ನು ನೋಡಿ ಬಂದರು. ಆ ವರ್ಷ ಅಣೆಕಟ್ಟೆ ತುಂಬಲಿಲ್ಲ. ಸಮುದ್ರಕ್ಕೆ ಹನಿ ನೀರೂ ಹೋಗಕೂಡದೆಂದು ಊರಿನ ಸಭೆ ಕೂಗುತ್ತಿದ್ದಾಗ ನೀರುಗಂಟಿ ಎದ್ದರು.

“ಅಲ್ಲೊಂದು ಕಾಡದೆ, ಬೇರ ಮ್ಯಾಕೆ ಎತ್ಕಂಡು ಉಪ್ಪುನೀರಲ್ಲೇ ನಿಂತದೆ. ಬೂಮಿ ಕಾದು ಸಮುದ್ರ ಏರ್ತಾ ಅದೆ. ಕಾವೇರಮ್ಮ ಮಣ್ಣು ತಂದ್ರೆ ಆ ಕಾಡೂ ಏರ್ಕತದೆ. ನಾವು ಕಟ್ಟೇಲೇ ತಡುದ್ರೆ ಅದು ಯಾತರ ಮ್ಯಾಲೆ ನಿಂತಾತು? ಅದೂ ಕೊನೇ ಗದ್ದೇನೇ ಕಣ್ರಪ್ಪಾ.”

“ಸಮುದ್ರಕ್ಕೂ ನೀರ್ ಕಟ್ಟೀಯೇನ್ಲಾ? ಗುದ್ದಲಿ ಒತ್ಕಂಡು ಅಲ್ಗೇ ಓಗು!” ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದಿದ್ದ ನಾನು ಆ ನಗು ಆರುವ ಮೊದಲೇ ಎದ್ದು ನಿಂತೆ. “ಹಸಿದವರ ಅನ್ನವನ್ನು ಉಪ್ಪುನೀರಿಗೆ ಚೆಲ್ಲಬಯಸುವ ಕೈಯಲ್ಲಿ ನಮ್ಮ ತೂಬು ಇರಬೇಕೇ?” ಎಂದು ಕೇಳಿದೆ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವರ ಗುದ್ದಲಿಯನ್ನು ಕಿತ್ತುಕೊಂಡಾಗಿತ್ತು. ಅವರು ನನ್ನ ಕಡೆ ತಿರುಗಿ, “ಚೆಂದಾಗ್ ಮಾತಾಡ್ದೆ ಮಗ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಸಹಿಸಬಹುದಿತ್ತು.

ಹೊಸ ನೀರುಗಂಟಿ ಮೇಲುಗದ್ದೆಗಳನ್ನೇ ಮೊದಲು ನೆನೆಸಿದ. ನಮ್ಮ ಗದ್ದೆ ಬಿರುಕು ಬಿಟ್ಟಿತು. ಅಪ್ಪ ಹೋಗಿ ಹಳೆಯ ನೀರುಗಂಟಿಯನ್ನು ಕೈಹಿಡಿದು ಕರೆತಂದರು. ಅವರು ಬದುವಿನ ಮೇಲೆ ಕುಳಿತು, ಒಣಗಿದ ಪೈರನ್ನು ಸವರುತ್ತ, “ನಾ ತೂಬು ಮುಟ್ಟಂಗಿಲ್ಲ ಕಣಪ್ಪ, ನಿನ್ ಮಗನೇ ಯೋಳವ್ನಲ್ಲ” ಎಂದರು.

ಮುಂದಿನ ಸುಗ್ಗಿಗೆ ಅವರಿರಲಿಲ್ಲ. ನಾನು ಅವರ ಕ್ಷಮೆ ಕೇಳಿರಲಿಲ್ಲ. ಅದಕ್ಕೆ ತಕ್ಕ ವಾಕ್ಯವನ್ನು ಇನ್ನೂ ಕಟ್ಟುತ್ತಿದ್ದೆ.

ಬಳಿಕ ಆ ಕಾಡಿಗೆ ನಾನೇ ಹೋದೆ. ಅಂಚಿನ ಮರಗಳು ಬೋಳಾಗಿ, ಬೂದಿಬಣ್ಣಕ್ಕೆ ತಿರುಗಿ, ನಿಂತಲ್ಲೇ ಸತ್ತಿದ್ದವು. ದೋಣಿಯವನು ಅವುಗಳಾಚೆಯ ನೀರಿನತ್ತ ಕೈ ತೋರಿಸಿ, ತಾನು ಚಿಕ್ಕವನಿದ್ದಾಗ ಅಲ್ಲಿ ನೆಲವಿತ್ತೆಂದ.

ಇನ್ನು ನಿಮ್ಮ ಯಾವ ಸಭೆಯಲ್ಲಾದರೂ ಯಾರಾದರೂ ‘ಸಮುದ್ರಕ್ಕೆ ಹೋದ ನೀರು ದಂಡ’ ಎಂದರೆ, ದಯವಿಟ್ಟು ಎದ್ದು ನಿಂತು ಅಲ್ಲವೆನ್ನಿ. ಜನ ನಗುತ್ತಾರೆ. ಕುಳಿತುಕೊಳ್ಳಬೇಡಿ.