ಗುಟ್ಟಾಗಿ ಇಟ್ಟ ಪ್ರಶಸ್ತಿ

ಎಣ್ಣೆಯ ಬೆಲೆ ನೆಲ ಕಚ್ಚಿದ ಆ ವರ್ಷಗಳಲ್ಲಿ ಮಸ್ಕತ್ತಿನ ನಮ್ಮ ಶುಕ್ರವಾರಗಳೆಲ್ಲ ಬೀಳ್ಕೊಡುಗೆಗೇ ಮೀಸಲಾಗಿದ್ದವು. ಈ ವಾರ ಈ ಮನೆಯವರು, ಮುಂದಿನ ವಾರ ಆ ಮನೆಯವರು. ಅಲ್ ಅಜೈಬಾದ ನಮ್ಮ ಕಟ್ಟಡ ಒಂದರಲ್ಲೇ ನಾಲ್ಕು ಕನ್ನಡದ ಮನೆಗಳು ಖಾಲಿಯಾದವು. ಆದರೂ ಆ ದಿನಗಳನ್ನು ನೆನೆದರೆ ಮನಸ್ಸು ಬೆಚ್ಚಗಾಗುತ್ತದೆ. ಅದಕ್ಕೆ ಕಾರಣ ಒಬ್ಬ ಮನುಷ್ಯ.

ಅವರು ಉಡುಪಿ ಕಡೆಯವರು. ರುಸೈಲಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ. ಇವರು ಗುಡ್ಡದಾಚೆಯ ಅಲ್ ಅಮೇರಾತಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ನಮ್ಮವರು ಯಾರೇ ದೇಶ ಬಿಟ್ಟು ಹೊರಟರೂ ಅವರ ಹಳೆಯ ಬಿಳಿ ಕಾರು ಗುಡ್ಡ ಇಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಕರೆಯಬೇಕೆಂದೇನೂ ಇರಲಿಲ್ಲ. ಬಂದವರೇ ಸೂಟ್‌ಕೇಸನ್ನು ಒಂದು ಕೈಯಲ್ಲಿ ಎತ್ತಿ ತೂಕ ಹೇಳುತ್ತಿದ್ದರು. ಏರ್‌ಪೋರ್ಟಿನ ತಕ್ಕಡಿ ಅವರ ಮಾತು ಮೀರಿದ್ದನ್ನು ನಾನು ಕಂಡಿಲ್ಲ. ಹೆಚ್ಚಾಯಿತೆಂದರೆ ಕುಕ್ಕರು, ಮಿಕ್ಸಿ, ಇಡ್ಲಿ ಪಾತ್ರೆ ಹೊರಗೆ ಬರುತ್ತಿದ್ದವು. ಕಣ್ಣೊರೆಸಿಕೊಳ್ಳುವ ಮನೆಯಾಕೆಗೆ ಸಮಾಧಾನ ಹೇಳಿ, ಅವನ್ನು ಡಿಕ್ಕಿಗೆ ಹಾಕಿಕೊಂಡು, ಹೊಸದಾಗಿ ಬಂದವರಿಗೋ ಲೇಬರ್ ಕ್ಯಾಂಪಿನ ಅಡುಗೆಮನೆಗೋ ಮುಟ್ಟಿಸುತ್ತಿದ್ದರು. ನಮ್ಮ ಇಡ್ಲಿ ಪಾತ್ರೆಯೂ ಹಾಗೆ ಬಂದದ್ದೇ. ಅದು ನೋಡುತ್ತಿರುವ ಮೂರನೆಯ ಸಂಸಾರ ನಮ್ಮದು ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು.

ನಮ್ಮ ಕನ್ನಡ ಸಂಘ ಪ್ರತಿವರ್ಷ ರಾಜ್ಯೋತ್ಸವದಲ್ಲಿ ನಿಸ್ವಾರ್ಥ ಸಮಾಜ ಸೇವೆಗೆಂದು ಒಂದು ಪ್ರಶಸ್ತಿ ಕೊಡುತ್ತಿತ್ತು. ನಿಸ್ವಾರ್ಥ ಎಂಬುದು ಹೆಸರಿಗೆ ಮಾತ್ರ; ಊಟದ ಖರ್ಚು ಯಾರು ವಹಿಸಿಕೊಳ್ಳುತ್ತಾರೋ ಶಾಲು ಅವರ ಹೆಗಲಿಗೆ. ಆ ವರ್ಷ ಅಂಥವರೆಲ್ಲ ಕೈ ಎತ್ತಿದರು. ದೊಡ್ಡವರು ಯಾರೂ ಸಿಗದೆ ಸಮಿತಿಗೆ ಕೊನೆಗೂ ಇವರ ನೆನಪಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ! ಎಣ್ಣೆ ಬಿದ್ದದ್ದರಿಂದ ಆದ ಒಂದೇ ಒಳ್ಳೆಯ ಕೆಲಸ ಇದು ಎಂದು ಸಮಿತಿಯಲ್ಲಿದ್ದ ನಾನೇ ಸಭೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

ಮೊದಲೇ ಗೊತ್ತಾದರೆ ಅವರು ವೇದಿಕೆಯ ಹತ್ತಿರವೂ ಸುಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಗುಟ್ಟಾಗಿಡೋಣ, ಜನರ ಮುಂದೆಯೇ ಹೆಸರು ಕೂಗಿ ಕರೆಯೋಣ ಎಂದೆ. ಎಲ್ಲರೂ ಒಪ್ಪಿದರು. ತೊಂದರೆಯೆಂದರೆ ನನ್ನ ಬಾಯಿ. ಮೈಸೂರಿನವನು ನಾನು, ಮಾತಿಗೆ ಕುಳಿತರೆ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡು ಅವರ ಫೋನ್ ಎತ್ತುವುದನ್ನೇ ನಿಲ್ಲಿಸಿದೆ. ಎಂದೂ ಕಾರಣವಿಲ್ಲದೆ ಫೋನ್ ಮಾಡದವರು ಆ ಹದಿನೈದು ದಿನ ಮೇಲಿಂದ ಮೇಲೆ ಮಾಡಿದರು. ಎಲ್ಲೋ ವಾಸನೆ ಹತ್ತಿದೆ, ಬೇಡವೆನ್ನುವುದಕ್ಕೇ ಮಾಡುತ್ತಿದ್ದಾರೆ ಎಂದುಕೊಂಡೆ.

ಒಂದು ಸಂಜೆ ಮನೆಗೇ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್ ಇತ್ತು. "ಸಾರ್, ಐದು ನಿಮಿಷ ಉಂಟಾ?" ಎಂದರು. ನಾನು ಬಾಗಿಲಲ್ಲೇ ನಿಂತು, ಅರ್ಜೆಂಟಾಗಿ ಹೊರಗೆ ಹೋಗಬೇಕು, ಶುಕ್ರವಾರ ಕಾರ್ಯಕ್ರಮದಲ್ಲಿ ಸಿಗೋಣ ಎಂದೆ. ಒಳಗೆ ಬನ್ನಿ ಎನ್ನಲಿಲ್ಲ. ಅವರು ತಲೆಯಾಡಿಸಿ ಮೆಟ್ಟಿಲಿಳಿದರು. ಗುಟ್ಟು ಉಳಿಸಿಕೊಂಡೆನೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೂ ನೆನಪಿದೆ.

ಶುಕ್ರವಾರ ಬಾಡಿಗೆಯ ಹಾಲಿನಲ್ಲಿ ಅವರ ಹೆಸರು ಕೂಗಿದೆವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎಲ್ಲರೂ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಆಮೇಲೆ ಅಮೇರಾತಿನಲ್ಲಿ ಅವರ ಪಕ್ಕದ ಮನೆಯಲ್ಲಿದ್ದ ಕೊಂಕಣಿ ಮಾತನಾಡುವ ಹೆಂಗಸು ಮುಂದೆ ಬಂದು ಮೆಲ್ಲಗೆ ಹೇಳಿದರು: "ಅವರು ಮೊನ್ನೆಯೇ ಊರಿಗೆ ಹೋದ್ರಲ್ಲ. ಇಲ್ಲಿದ್ದೆಲ್ಲ ಮುಗಿಸಿ, ಖಲಾಸ್ ಮಾಡಿ ಹೋದದ್ದು. ನಿಮಗೆ ಗೊತ್ತಿಲ್ವಾ?" ಕಾರ್ಖಾನೆ ಅವರನ್ನು ಕೈಬಿಟ್ಟಿತ್ತು. ಕಾರು ಮಾರಿದ್ದರಂತೆ, ಟ್ಯಾಕ್ಸಿ ಹಿಡಿದು ಒಬ್ಬರೇ ಏರ್‌ಪೋರ್ಟಿಗೆ ಹೋದರಂತೆ. ಅಷ್ಟು ಜನರನ್ನು ಕಳಿಸಿಕೊಟ್ಟವರನ್ನು ಕಳಿಸಿಕೊಡಲು ನಮ್ಮಲ್ಲಿ ಒಬ್ಬನೂ ಹೋಗಿರಲಿಲ್ಲ.

ಮರುದಿನ ಅವರ ಊರಿನ ನಂಬರು ಹುಡುಕಿ ಫೋನ್ ಮಾಡಿದೆ. ಆಗ ಒಮಾನಿನಲ್ಲಿ ಕೆಲಸ ಬದಲಾಯಿಸಬೇಕಾದರೆ ಹಳೆಯ ಕಫೀಲ್, ಎಂದರೆ ವೀಸಾ ಕೊಟ್ಟ ಯಜಮಾನ, ತನ್ನ ಆಕ್ಷೇಪವಿಲ್ಲವೆಂದು ಎನ್‌ಒಸಿ ಕೊಡಬೇಕಿತ್ತು. ಅದು ಸಿಗುವುದೇ ಕಷ್ಟ. ಇವರ ಯಜಮಾನ ಒಳ್ಳೆಯವನು, ಕೇಳಿದ ಕೂಡಲೇ ಕೊಟ್ಟಿದ್ದ. ಫೋಲ್ಡರಿನಲ್ಲಿದ್ದದ್ದು ಆ ಕಾಗದ. "ನಿಮ್ಮಲ್ಲಿ ಎಂತಾದ್ರೂ ಕೆಲಸ ಉಂಟಾ ಅಂತ ಕೇಳುವಾ ಅಂತ ಬಂದದ್ದು ಸಾರ್," ಎಂದರು. "ಮತ್ತೆ ನಿಮಗೆ ನನ್ನ ಮೇಲೆ ಎಂತದೋ ಬೇಜಾರು ಉಂಟು ಅಂತ ಗ್ರಹಿಸಿದೆ. ಉಪದ್ರ ಕೊಡುದು ಬೇಡ ಅಂತ ಸುಮ್ಮನಾದೆ."

ಬೇಜಾರಲ್ಲ, ಪ್ರಶಸ್ತಿ ಎಂದೆ. ಎಲ್ಲವನ್ನೂ ಹೇಳಿದೆ. ಅವರು ನಕ್ಕರು. ಪ್ರಶಸ್ತಿ ಫಲಕದ ಫೋಟೋ ಕಳಿಸಿ, ಮಕ್ಕಳಿಗೆ ತೋರಿಸುತ್ತೇನೆ ಎಂದರು. ನಿಜವಾಗಿಯೂ ಖುಷಿಪಟ್ಟರು ಎಂದೇ ನನ್ನ ನಂಬಿಕೆ.

ನನ್ನ ಆಫೀಸಿನಲ್ಲಿ ಆಡಳಿತ ವಿಭಾಗ ನನ್ನ ಕೈಯಲ್ಲೇ ಇತ್ತು. ಅವರು ಬಾಗಿಲಿಗೆ ಬಂದುಹೋದ ಮಾರನೆಯ ದಿನ ನಮ್ಮ ಗೋದಾಮಿಗೆ ಒಬ್ಬ ಸ್ಟೋರ್‌ಕೀಪರನ್ನು ತೆಗೆದುಕೊಂಡಿದ್ದೆ, ಪರಿಚಯವೇ ಇಲ್ಲದವನನ್ನು. ಅದನ್ನು ಮಾತ್ರ ಅವರಿಗೆ ಇವತ್ತಿನವರೆಗೂ ಹೇಳಿಲ್ಲ.