ಮಗ್ಗದ ಮನೆಗೆ ಬಂದ ಹಳೇ ರೂಟರ್

ಸತ್ತುಹೋಗಿದ್ದ ರೂಟರ್‌ಗೆ ಜೀವ ಕೊಟ್ಟೋಳು ನಾನು. ಈ ಮಾತನ್ನ ಊರು ಹೇಳ್ಬೇಕಾಗಿತ್ತು. ಊರು ಬೇಡ, ಕೊನೇಪಕ್ಷ ನಮ್ಮ ಮಾವನಾದ್ರೂ ಹೇಳ್ಬೇಕಾಗಿತ್ತು. ಯಾರೂ ಹೇಳ್ಲಿಲ್ಲ ಅಂತ ನಾನೇ ಹೇಳ್ಕೊಳ್ಳೋ ಗತಿ ಬಂದೈತೆ ನೋಡಿ, ಅದಕ್ಕೇ ನನಗೆ ಮೈಯೆಲ್ಲಾ ಉರೀತೈತೆ. ನೀವಾದ್ರೂ ಕೂತ್ಕೊಂಡು ಕೇಳಿ. ಒಂಚೂರು ಜಾಸ್ತಿ ಮಾಡಿ ಹೇಳ್ತೀನಿ, ನನಗ್ಗೊತ್ತು. ಆದ್ರೆ ಕಮ್ಮಿ ಮಾಡಿ ಹೇಳೋಕೆ ನಮ್ಮನೇಲಿ ಬೇಕಾದಷ್ಟು ಜನ ಅದಾರೆ, ಆ ಕೆಲಸ ಅವ್ರು ಮಾಡ್ಲಿ.

ರೂಟರ್ ಅಂದ್ರೆ ಗೊತ್ತಲ್ಲ, ಗೋಡೆ ಮೇಲೆ ಕೂತ್ಕೊಂಡು ಮನೆಗೆಲ್ಲಾ ವೈಫೈ ಹಂಚೋ ಡಬ್ಬಿ. ಚಳ್ಳಕೆರೇಲಿ ನಮ್ಮನೇಗೆ ಹೊಸ ಕನೆಕ್ಷನ್ ಬಂದಾಗ, ಕೇಬಲ್ಲಿನೋನು ಹೊಸ ಡಬ್ಬಿ ತಗಲಾಕಿ, ಹಳೇದನ್ನ "ಇದು ಇನ್ನ ವೇಸ್ಟು ಕಣಮ್ಮ" ಅಂತ ನಮ್ಮವ್ವನ ಕೈಗೆ ಕೊಟ್ಟು ಹೋದ. ನಮ್ಮವ್ವನ ಕೈಗೆ ಸಿಕ್ಕಿದ್ದು ವೇಸ್ಟ್ ಆಗೋದುಂಟಾ? ಆ ರೂಟರ್‌ಗೆ ಮೂರು ಕೊಂಬು. ಒಂದಕ್ಕೆ ಟೀ ಸೋಸೋ ಜಾಲರಿ ನೇತಾಕಿದ್ಲು. ಇನ್ನೊಂದಕ್ಕೆ ಹಾಲಿನ ಪಾಕೀಟಿನ ರಬ್ಬರ್ ಬ್ಯಾಂಡು. ಮೂರನೇದಕ್ಕೆ, ರೊಟ್ಟಿ ತಟ್ಟೋವಾಗ ಬಿಚ್ಚಿಡೋ ಬಳೆ. ಎಷ್ಟೋ ವರ್ಷ ನಮಗೆ ಲೋಕಾನೇ ತೋರಿಸಿದ್ದ ಡಬ್ಬಿ, ಶೇಂಗಾ ಎಣ್ಣೆ ಕ್ಯಾನಿನ ಪಕ್ಕ ಜಾಲರಿ ಕಾಯ್ಕೊಂಡು ನಿಂತಿತ್ತು. ನನಗೆ ಅದನ್ನ ನೋಡಿದಾಗೆಲ್ಲಾ ಅನ್ಯಾಯ ಅನ್ನಿಸ್ತಿತ್ತು. ಅನ್ಯಾಯ ಕಂಡ್ರೆ ನಾನು ಸುಮ್ನಿರೋಳಲ್ಲ. ಆದ್ರೂ ಒಂದು ವರ್ಷ ಸುಮ್ನಿದ್ದೆ, ಪಿಯುಸಿ ಇತ್ತಲ್ಲ.

ಈಗ ಮಾವನ ವಿಷಯ. ಮಾವ ಅಂದ್ರೆ ನಮ್ಮವ್ವನ ಅಣ್ಣ. ಮೊಳಕಾಲ್ಮುರಲ್ಲಿ ರೇಷ್ಮೆ ಸೀರೆ ನೇಯ್ತಾನೆ. ಆ ಮನೇಲಿ ಮುಂದೆ ಪಡಸಾಲೆ, ನಡುವೆ ಬಯಲು ಅಂಗಳ, ಹಿಂದೆ ಮಗ್ಗದ ಕೋಣೆ. ನಮ್ಮ ಮುತ್ತಾತ ಕಟ್ಸಿದ್ದು. ಸುತ್ತ ಬೆಟ್ಟದಾಗೆ ಕಲ್ಲು ಪುಕ್ಕಟೆ ಸಿಗ್ತಾವೆ ಅಂತ, ಇದ್ದಬದ್ದ ಕಲ್ಲನ್ನೆಲ್ಲಾ ಆ ಒಂದು ಮನೆ ಗೋಡೆಗೇ ಹಾಕ್ಬಿಟ್ಟಾನೆ. ಆನೆ ಬಂದು ಒರಗಿದ್ರೂ ಆನೆಗೇ ಬೆನ್ನುನೋವು. ಪಡಸಾಲೇಲಿ ವೈಫೈ ಐತೆ. ಆದ್ರೆ ಅಂಥ ಗೋಡೆ ದಾಟಿ ಹಿಂದಕ್ಕೆ ಹೋಗೋಕೆ ವೈಫೈ ಕೈಲಿ ಎಲ್ಲಾಗುತ್ತೆ, ಅತ್ತೆ ಊಟಕ್ಕೆ ಕೂಗಿದ್ದೇ ಮಾವನಿಗೆ ಕೇಳ್ಸಲ್ಲ. ಕೇಳ್ಸಲ್ಲ ಅಂತ ಮಾವ ಹೇಳ್ತಾನೆ. ಮೊಬೈಲ್ ನೆಟ್ಟು ಬೇಕಂದ್ರೆ ಮಾಳಿಗೆ ಹತ್ತಿ, ನೀರಿನ ಟ್ಯಾಂಕ್ ಪಕ್ಕ ನಿಂತು, ಬೆಟ್ಟಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿ ಹಿಡೀಬೇಕು.

ಹೋದ ಬೇಸಿಗೇಲಿ ಹುಬ್ಬಳ್ಳಿ ಕಡೆ ಒಬ್ರು ಅಮ್ಮ ಮಾವನಿಗೆ ಫೋನ್ ಮಾಡಿದ್ರಂತೆ. ಮಗಳ ಮದುವೆಗೆ ಸೀರೆ ಬೇಕು. ಆದ್ರೆ ಹಿಂದೆ ಎಲ್ಲೋ ಮಿಷನ್ನಲ್ಲಿ ನೇಯ್ದಿದ್ದನ್ನ ಕೈಮಗ್ಗದ್ದು ಅಂತ ಕೊಟ್ಟು ಅವ್ರಿಗೆ ಟೋಪಿ ಹಾಕಿದ್ರು. ಅದಕ್ಕೇ ಅವ್ರದ್ದೊಂದು ಕರಾರು: ಬುಧವಾರ ಹನ್ನೊಂದು ಗಂಟೆಗೆ ವಿಡಿಯೋ ಕಾಲ್ ಮಾಡ್ತೀವಿ, ಮೊದ್ಲು ಪಡಸಾಲೇಲಿ ರೆಡಿ ಇರೋ ಸೀರೆ ತೋರಿಸಿ, ಆಮೇಲೆ ಫೋನ್ ಕಟ್ ಮಾಡ್ದೇನೇ ಮಗ್ಗದವರೆಗೂ ನಡ್ಕೊಂಡು ಹೋಗಿ ನೇಯ್ದು ತೋರಿಸಿ. ನಡುವೆ ಕಟ್ಟಾದ್ರೆ ಬೇರೆಯೋರ ಮನೆ ಮಗ್ಗ ತೋರಿಸಿದ್ರು ಅಂತ ಅನುಮಾನ ಬರುತ್ತಲ್ಲ.

ಮಾವ ನಮ್ಮವ್ವನಿಗೆ ಫೋನ್ ಮಾಡಿ ಒದರಾಡಿದ. "ಇಷ್ಟು ವರ್ಷದಿಂದ ಗುಂಡೀಲಿ ಕಾಲು ಇಳಿಬಿಟ್ಕೊಂಡು ಕೂತೀನಿ, ನನ್ನ ಸುಳ್ಳ ಅಂತಾರಲ್ಲೇ! ಈ ಮಗ್ಗಾನ ಕಿತ್ಕೊಂಡು ಪಡಸಾಲೇಗೆ ತರ್ಲಾ?" ತರೋಕಾಗಲ್ಲ. ಅದು ಗುಂಡಿ ಮಗ್ಗ, ಅರ್ಧ ನೆಲದೊಳಗೇ ಐತೆ.

ನಾನು ಅವ್ವನ ಕೈಯಿಂದ ಫೋನ್ ಕಿತ್ಕೊಂಡೆ. "ಮಾವ, ನೀನು ಮಗ್ಗ ಬಿಟ್ಟು ಏಳ್ಬೇಡ. ನೆಟ್ಟನ್ನೇ ನಾನು ಅಲ್ಲಿಗೆ ಕರ್ಕೊಂಡ್ ಬರ್ತೀನಿ." ಇದನ್ನ ಹೇಳೋವಾಗ ಹೆಂಗೆ ಕರ್ಕೊಂಡ್ ಬರೋದು ಅನ್ನೋದು ನನಗೆ ಎಳ್ಳಷ್ಟೂ ಗೊತ್ತಿರ್ಲಿಲ್ಲ. ಆದ್ರೆ ದನಿ ಹೆಂಗಿತ್ತು ಅಂದ್ರೆ, ನನಗೇ ನನ್ನ ಮೇಲೆ ನಂಬಿಕೆ ಬಂದ್ಬಿಡ್ತು.

ಸೋಮವಾರ ಬೆಳಿಗ್ಗೆ ಜಾಲರಿ, ಬಳೆ, ರಬ್ಬರ್ ಬ್ಯಾಂಡು ಎಲ್ಲಾ ಬಿಚ್ಚಿ, ರೂಟರ್‌ನ ಬ್ಯಾಗಿಗೆ ಹಾಕ್ದೆ. "ನನ್ನ ಜಾಲರಿ ಎಲ್ಲಿಡ್ಲಿ?" ಅಂತ ಅವ್ವ ಬಾಗಿಲವರೆಗೂ ಬಂದು ಕೇಳಿದ್ಲು. ಅಣ್ಣನ ಮರ್ಯಾದೆ ಹೋಗ್ತೈತೆ, ಇವಳಿಗೆ ಜಾಲರಿ ಚಿಂತೆ! ಮೊಳಕಾಲ್ಮುರು ಬಸ್ಸು ತಳಕು ದಾಟೋವರೆಗೂ ಯೂಟ್ಯೂಬ್ ನೋಡ್ತಾ ರೂಟರ್ ವಿದ್ಯೆ ಕಲ್ತೆ, ಹಾನಗಲ್ ಬರೋಷ್ಟೊತ್ತಿಗೆ ಪಂಡಿತೆ ಆಗಿದ್ದೆ. ಬ್ಯಾಗಿಂದ ಆಚೆ ಬಂದಿದ್ದ ಮೂರು ಕೊಂಬು ನೋಡಿ ಕಂಡಕ್ಟರ್ರು, "ಏನಮ್ಮಾ, ಏಡಿ ಹಿಡ್ಕೊಂಡ್ ಬಂದಿದ್ದೀಯಾ?" ಅಂದ. ಬಸ್ಸೆಲ್ಲಾ ನಕ್ತು. ಇಂಜಿನಿಯರ್‌ಗಳಿಗೆ ಈ ದೇಶದಲ್ಲಿ ಮರ್ಯಾದೆ ಇಲ್ಲ.

ಉಪಾಯ ಸುಲಭದ್ದೇ. ಪಡಸಾಲೆ ರೂಟರಿಂದ ಒಂದು ಉದ್ದನೇ ವೈರು ಎಳೆದು, ಕಿಟಕಿ ಸಂದೀಲಿ ಆಚೆ ತಂದು, ಅಂಗಳದ ಮೇಲೆ ಹಾಯಿಸಿ, ಮಗ್ಗದ ಕೋಣೇಲಿ ಹಳೇ ರೂಟರ್‌ಗೆ ಚುಚ್ಚೋದು. ಅದು ಅಲ್ಲಿ ನೆಟ್ಟು ಹಂಚುತ್ತೆ. ವೈರು ಕಟ್ಟಿ ಏಣಿ ಇಳಿದು ಕೈ ಒರೆಸ್ಕೊಳ್ಳೋಷ್ಟರಲ್ಲಿ ಅತ್ತೆ ಅದರ ಮೇಲೆ ಎರಡು ಟವಲ್ಲು, ಮಾವನ ಒಂದು ಪಂಚೆ ಒಣ ಹಾಕಿದ್ಲು. "ಹಗ್ಗ ಕಟ್ಟಿದ್ದು ಒಳ್ಳೇದಾಯ್ತು ಕಣೇ, ನಿಮ್ಮ ಮಾವನಿಗೆ ಹೇಳಿ ಹೇಳಿ ಸಾಕಾಗಿತ್ತು."

ನಮ್ಮತ್ತೆ ಹೆಸರು ನಾಗರತ್ನ. ಆಂಧ್ರದ ರಾಯದುರ್ಗದೋಳು. ಬೇಜಾರಾದ್ರೆ ತೆಲುಗಿಗೆ ಇಳೀತಾಳೆ. ಅವಳಿಗೆ ಹೆಸರು ಐತೆ ಅನ್ನೋದು ಮಾವನಿಗೆ ಗೊತ್ತಿದ್ಯೋ ಇಲ್ವೋ ನನಗೆ ಅನುಮಾನ. ಮದುವೆ ಆದಾಗಿಂದ ಅವನು ಕರೆಯೋದು "ಏ ಇವ್ಳೇ" ಅಂತ. ಹೆಂಡ್ತಿ ಹೆಸರು ಹಿಡಿದು ಕರೆದ್ರೆ ನಾಲಿಗೆ ಬೊಬ್ಬೆ ಬರುತ್ತೆ ಅನ್ನೋ ಹಂಗೆ.

ಮಂಗಳವಾರ ಬೆಳಿಗ್ಗೆ ಸ್ವಿಚ್ ಹಾಕ್ದೆ. ಹಳೇ ರೂಟರಿನ ದೀಪಗಳು ಒಂದೊಂದಾಗಿ ಕಣ್ಣು ಬಿಟ್ವು. ನನ್ನ ಕಣ್ಣಲ್ಲಿ ನೀರು ಬಂತು. ಆಗ ಪಡಸಾಲೆಯಿಂದ ಮಾವ ಕೂಗಿದ: "ಲೇ! ಇಲ್ಲಿರೋ ನೆಟ್ಟೂ ಹೋತಲ್ಲೇ!" ಗೋಡೆ ದಾಟಿ ಕೇಳಿಸ್ತು ಅಂದ್ರೆ ಎಷ್ಟು ಜೋರಾಗಿ ಕೂಗಿರ್ಬೇಕು ನೀವೇ ಲೆಕ್ಕ ಹಾಕಿ.

ಹಿಂದೆ ನೆಟ್ಟು ಬರ್ಲಿಲ್ಲ, ಮುಂದಿದ್ದೂ ಹೋಯ್ತು. ಮಾವ ಹಿಂದಕ್ಕೆ ಓಡಿ ಬಂದ. ನಾನು ತಪ್ಪನ್ನ ಮೊದ್ಲು ಕಲ್ಲಿನ ಮೇಲೆ ಹಾಕ್ದೆ. ಆಮೇಲೆ ಬಿಸಿಲಿನ ಮೇಲೆ. ಆಮೇಲೆ ಕೋತಿಗಳ ಮೇಲೆ. ಆವತ್ತು ಬೀದೀಲಿ ಒಂದು ಕೋತೀನೂ ಇರ್ಲಿಲ್ಲ. ಯಾವುದೂ ನಡೀದೇ ಇದ್ದಾಗ ನಾನು ಪಾಠ ಶುರು ಮಾಡ್ತೀನಿ, ಅದು ನನ್ನ ಹಳೇ ವಿದ್ಯೆ. ಮಗ್ಗದ ತಲೆ ಮೇಲೆ ಜಕಾರ್ಡು ಅಂತ ಇರುತ್ತೆ, ತೂತು ಹೊಡೆದ ರಟ್ಟುಗಳ ಮಾಲೆ. ತೂತಿದ್ರೆ ಎಳೆ ಮೇಲೇಳುತ್ತೆ, ತೂತಿಲ್ಲಾಂದ್ರೆ ಇಲ್ಲ. ಅದರಿಂದಾನೇ ಅಂಚಲ್ಲಿ ನವಿಲು, ಗಿಣಿ ಎಲ್ಲಾ ಬರೋದು. "ಮಾವ, ಫ್ರಾನ್ಸಲ್ಲಿ ಮಗ್ಗಕ್ಕೆ ಅಂತ ಮಾಡಿದ ಈ ರಟ್ಟಿನ ಉಪಾಯಾನೇ ಆಮೇಲೆ ಕಂಪ್ಯೂಟರಿನೋರು ಎತ್ಕೊಂಡಿದ್ದು. ಇದೆ, ಇಲ್ಲ, ಇದೆ, ಇಲ್ಲ. ಇಷ್ಟೇ ಕಂಪ್ಯೂಟರ್ರು."

ಮಾವ ರಟ್ಟು ನೋಡಿದ, ರೂಟರ್ ನೋಡಿದ, ನನ್ನ ನೋಡಿದ. "ಹಂಗಾದ್ರೆ ನಿನ್ನ ಡಬ್ಬಿ ನನ್ನ ಮಗ್ಗಕ್ಕೆ ಮೊಮ್ಮಗ ಆಯ್ತು. ತಾತನ ಮನೆಗೆ ಬಂದು ದೀಪ ಆರಿಸಿದ ಮೊಮ್ಮಗ! ನಾಳೆ ಹನ್ನೊಂದಕ್ಕೆ ಅವ್ರಿಗೆ ಏನು ತೋರಿಸ್ಲೇ, ನಿನ್ನ ಇದೆ-ಇಲ್ಲಾನಾ?" ಅಂದವನೇ ಚಪ್ಪಲಿ ಮೆಟ್ಕೊಂಡು ಆಚೆ ಹೋದ. ಚಪ್ಪಲಿ ಸದ್ದಲ್ಲೇ ಗೊತ್ತಾಗ್ತಿತ್ತು, ಸಿಟ್ಟಲ್ಲ, ಹೆದರಿಕೆ.

ಕೋಣೇಲಿ ಉಳಿದಿದ್ದು ನಾನು, ಅತ್ತೆ. ಅಲ್ಲಿ ಇನ್ನೊಂದು ಮಗ್ಗ ಐತೆ. ಅದರಲ್ಲಿ ಹಾಸು ಮುಗಿದಿತ್ತು. ಹಾಸು ಅಂದ್ರೆ ಉದ್ದಕ್ಕೆ ಎಳೆದಿರೋ ಎಳೆಗಳು. ಹೊಸ ಹಾಸು ಬಂದಾಗ ಸಾವಿರಗಟ್ಲೆ ಎಳೇನ ಮತ್ತೆ ಮೊದಲಿಂದ ಪೋಣಿಸಲ್ಲ. ಹಳೇ ಹಾಸಿನ ತುದಿ ಮಗ್ಗದಲ್ಲೇ ಬಿಟ್ಟಿರ್ತಾರೆ, ಅದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಹೊಸೆದು ಕೂಡಿಸ್ತಾರೆ. ಅದಕ್ಕೆ ಕೆಚ್ಚೋದು ಅಂತಾರೆ. ಅತ್ತೆ ಎಳೆ ಜಾರ್ದಂಗೆ ಬೆರಳಿಗೆ ಬೂದಿ ಮುಟ್ಟಿಸ್ಕೊಂಡು ಕೆಚ್ಚುತ್ತಾ ಕೂತಿದ್ಲು, ತಲೆ ಎತ್ತದೇನೇ ಕೇಳಿದ್ಲು: "ಅದೇನು ಹಂಚುತ್ತೆ ಅಂದ್ಯಲ್ಲ, ಏನು ಹಂಚುತ್ತೆ?"

"ಒಂದೊಂದು ಫೋನಿಗೂ ಒಂದೊಂದು ನಂಬರ್ ಹಂಚುತ್ತೆ ಅತ್ತೆ. ರೂಟರಿಗೂ ಒಂದು ನಂಬರ್ ಇರುತ್ತೆ, ಮನೆಗೆ ಡೋರ್ ನಂಬರ್ ಇದ್ದಂಗೆ."

"ಮುಂದಿಂದಕ್ಕೆ ಎಷ್ಟು?"

"192.168.1.1."

"ಇದಕ್ಕೆ?"

ನಾನು ಡಬ್ಬಿ ತಿರುಗಿಸಿ ತಳದ ಚೀಟಿ ನೋಡ್ದೆ. ಅದಕ್ಕೂ ಅದೇ.

"ಇದೇಂ ಗೋಲ!" ಅಂದ್ಲು ಅತ್ತೆ, ಅಂದ್ರೆ ಇದೇನು ರಗಳೆ ಅಂತ. "ಒಂದು ಎಳೆಗೆ ಎರಡು ಎಳೆ ಕೂಡಿಸಿದ್ರೆ ಅಲ್ಲಿಂದ ಆಚೆಗೆ ಎಲ್ಲಾ ಸಿಕ್ಕೇ ಕಣೇ. ಮೇಲಾಗಿ ಆ ಡಬ್ಬಿ ನಿಮ್ಮನೇಲಿ ಯಜಮಾನಿ ಆಗಿತ್ತು. ಇಲ್ಲಿ ನೀನು ಯಜಮಾನಿ ಅಲ್ಲ ಅಂತ ಅದಕ್ಕೆ ಹೇಳಿದ್ಯಾ?"

ಹೇಳಿರ್ಲಿಲ್ಲ. ಹೇಳೋದಕ್ಕೂ ಒಂದು ಜಾಗ ಐತೆ: ನಂಬರ್ ಹಂಚೋದನ್ನ ಆಫ್ ಮಾಡು ಅಂತ. ತಳಕು ದಾಟೋವಾಗ ವಿಡಿಯೋದಲ್ಲಿ ಅದು ಬಂದಿತ್ತು, ಆಗ ನಾನು ಪಂಡಿತೆ ಆಗೋ ಅರ್ಜೆಂಟಲ್ಲಿ ಓಡಿಸ್ಬಿಟ್ಟಿದ್ದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು, ಕಂಪ್ಯೂಟರ್ ಮುಟ್ಟಿದ್ದೇ ಇಲ್ಲ, ಕೂತಲ್ಲಿಂದ ಏಳ್ದೇನೇ ನನ್ನ ರೋಗ ಹೇಳ್ಬಿಟ್ಲು. ಇದು ಅವಮಾನ ಅಲ್ದೆ ಇನ್ನೇನ್ರಿ? ರೀಸೆಟ್ ತೂತಿಗೆ ಪಿನ್ನು ಚುಚ್ಚಿ ರೂಟರ್‌ನ ಹುಟ್ಟಿದ ದಿನಕ್ಕೆ ವಾಪಸ್ ಕಳ್ಸಿ, ನಂಬರಿನ ಕೊನೇಗೆ ಒಂದರ ಬದ್ಲು ಎರಡು ಹಾಕಿ, ಹಂಚೋದನ್ನ ಬಿಡಿಸ್ದೆ. ಮುಂದೂ ನೆಟ್ಟು, ಹಿಂದೂ ನೆಟ್ಟು. ಸಂತೋಷಕ್ಕೆ ಹಿಂದಿನ ವೈಫೈಗೆ ಒಂದು ಹೆಸರಿಟ್ಟೆ: ಚಳ್ಳಕೆರೆ ರಾಣಿ. ಫೋನ್ ತೆಗೆದ್ರೆ ಸಾಕು, ಬೀದಿಗೇ ಕಾಣ್ಸೋದು.

ಒಂದೇ ಹೊತ್ತು ಕಾಣ್ಸಿತು. ಸಾಯಂಕಾಲ ಮಾವ ಬಂದು, ಅವ್ವನಿಗೆ ವಿಡಿಯೋ ಕಾಲ್ ಹಚ್ಚಿ, ಪಡಸಾಲೆಯಿಂದ ನಡ್ಕೊಂಡು ಬಂದ. ಅಂಗಳದಲ್ಲಿ, ಪಂಚೆ ಕೆಳಗೆ, ಅವ್ವ ಬಾಯಿ ತೆಗೆದು ಕಲ್ಲಾದ್ಲು. ಕಾಲ್ ಕಟ್ಟು. ಮತ್ತೆ ಹಚ್ಚಿದ್ರೆ ಮತ್ತೆ ಅಲ್ಲೇ ಕಟ್ಟು. ಕಾರಣ ನನಗ್ಗೊತ್ತಿತ್ತು, ಹೇಳೋಕೆ ನಾಲಿಗೆ ಬರ್ಲಿಲ್ಲ. ಮುಂದಿನದಕ್ಕೊಂದು ಹೆಸರು, ಹಿಂದಿನದಕ್ಕೊಂದು ಹೆಸರು ಇದ್ರೆ, ಫೋನು ಒಂದನ್ನ ಪೂರ್ತಿ ಬಿಟ್ಟು ಇನ್ನೊಂದನ್ನ ಹುಡುಕ್ಬೇಕು. ಹೆಸರೂ ಪಾಸ್‌ವರ್ಡೂ ಎರಡಕ್ಕೂ ಒಂದೇ ಇದ್ರೆ, ಎಲ್ಲಿ ಮುಗೀತು ಎಲ್ಲಿ ಶುರುವಾಯ್ತು ಗೊತ್ತಾಗ್ದಂಗೆ ದಾಟ್ಬಿಡುತ್ತೆ. ಅಂದ್ರೆ ಚಳ್ಳಕೆರೆ ರಾಣಿ ಸಾಯ್ಬೇಕು. ಅಳಿಸ್ದೆ. ಎರಡಕ್ಕೂ ಪಡಸಾಲೆ ರೂಟರಿನ ಹೆಸರು, ಪಾಸ್‌ವರ್ಡೇ ಇಟ್ಟೆ. ಅವ್ವ ಅಂಗಳ ದಾಟಿ ಮಗ್ಗದವರೆಗೂ ಮಾತಾಡ್ತಾನೇ ಬಂದ್ಲು, ಅದೂ ಜಾಲರಿ ಬಗ್ಗೆ.

ಬುಧವಾರ. ನಾನು ಹೊಸ ಚೂಡಿದಾರ ಹಾಕಿದ್ದೆ. ಫೋನ್ ಹಿಡಿಯೋ ಕೆಲಸ ನಂದು. ಒಂದು ಕಡೆ "ಕೈ ತಪ್ಪಿ" ಮುಂದಿನ ಕ್ಯಾಮೆರಾ ಒತ್ತಿ, "ಅಯ್ಯೋ ಸಾರಿ ಆಂಟಿ, ಈ ವೈಫೈ ನಾನೇ ಮಾಡಿದ್ದು" ಅನ್ನೋದು ನನ್ನ ಪ್ಲಾನು. ಕಾಲ್ ಬಂತು. ಸೀರೆ ತೋರಿಸಿದ್ವಿ. ನಡೆದ್ವಿ. ಅಂಗಳದಲ್ಲಿ ಪಂಚೆ ಕೆಳಗೆ ಬಗ್ಗಿ ದಾಟಿದ್ವಿ. ಒಂದು ಚೂರೂ ಕಟ್ಟಾಗ್ಲಿಲ್ಲ. ಮಾವ ಗುಂಡೀಲಿ ಇಳಿದು ಕೂತು ಎಳೆ ಒಯ್ಯೋ ಲಾಳಿ ಎಸೆದ, ಟಕ್ ಟಕ್ ಅಂತ ಅಂಚು ಒಂದು ಕೂದಲೆಳೆ ಮುಂದಕ್ಕೆ ಬಂತು. ಆ ಕಡೆ ಅಮ್ಮ ನೋಡ್ತಾ ಇದ್ದೋರು, "ಖರೇನ ಐತ್ರಿ ಅಣ್ಣಾರ" ಅಂದ್ರು. ಮಾವನ ಭುಜ ಒಂದು ಗೇಣು ಕೆಳಗಿಳೀತು. ಆಗ ಅವ್ರು ಕೇಳಿದ್ರು: "ಇಷ್ಟೆಲ್ಲಾ ಎಳಿ ಯಾರ ಕೂಡಿಸ್ತಾರ್ರೀ?"

ಮಾವ ಗದ್ದದಲ್ಲಿ ಮೂಲೆ ಕಡೆ ತೋರಿಸಿ, "ಇವ್ಳು" ಅಂದ. ಅಷ್ಟೇ.

ನನ್ನ ಹೆಬ್ಬೆರಳು ಮುಂದಿನ ಕ್ಯಾಮೆರಾ ಮೇಲೇ ಇತ್ತು. ಯಾಕೋ ಒತ್ತಲಿಲ್ಲ. ಫೋನ್‌ನ ಮೂಲೆಗೆ ತಿರುಗಿಸ್ದೆ. "ಲೇ, ತಲೆ ಬಾಚಿಲ್ಲ ಕಣೇ!" ಅಂತ ಅತ್ತೆ ಕೈಯಲ್ಲಿ ಮುಖ ಮುಚ್ಕೊಂಡು, ಕೆನ್ನೆ ತುಂಬಾ ಬೂದಿ ಮಾಡ್ಕೊಂಡ್ಲು. ಆ ಅಮ್ಮ ಬಿದ್ದು ಬಿದ್ದು ನಕ್ರು. "ಎಲ್ಲಿ ಕೂಡಿಸೀರಿ, ಕಾಣವಲ್ದಲ್ರೀ?"

"ಕಾಣ್ಸಿದ್ರೆ ಅದು ನನ್ನ ಕೆಲಸ ಅಲ್ಲಮ್ಮ," ಅಂದ್ಲು ಅತ್ತೆ.

ಸೀರೆ ಗ್ಯಾರಂಟಿ ಆಯ್ತು. ಕೊನೇಗೆ ಅಮ್ಮ, "ನಿಮ್ಮಲ್ಲಿ ನೆಟ್ ಭಾಳ ಚಲೋ ಐತಿ ನೋಡ್ರಿ" ಅಂದ್ರು. ನಾನು ಕೂದಲು ಸರಿ ಮಾಡ್ಕೊಂಡೆ. ಮಾವ ಅಂದ: "ಹ್ಞೂಂ ತಾಯಿ, ಕಂಪನಿಯೋರು ಚೆನ್ನಾಗಿ ಕೊಟ್ಟಾರೆ."

ಕಂಪನಿಯೋರು!

ಬಸ್ ಹತ್ತೋಕೆ ಮುಂಚೆ ನಾನು ಒಂದೇ ಒಂದು ಕೆಲಸ ಮಾಡ್ದೆ. ವೈಫೈ ಹೆಸರು ಮುಟ್ಟಲಿಲ್ಲ. ಎರಡು ರೂಟರಿಗೂ ಪಾಸ್‌ವರ್ಡ್ ಬದಲಾಯಿಸಿ, ಅವರಿಬ್ರ ಫೋನಿಗೂ ನಾನೇ ಹಾಕ್ಕೊಟ್ಟೆ. ಏನಿಟ್ಟೆ ಅಂತ ಹೇಳ್ಲಿಲ್ಲ.

ಹದಿನೈದು ದಿನ ಆದ ಮೇಲೆ ಮಧ್ಯಾಹ್ನ ಮಾವ ಫೋನ್ ಮಾಡಿದ. ಸೀರೆ ನೋಡೋಕೆ ಯಾರೋ ನಾಲ್ಕು ಜನ ಬಂದಾರೆ, ಪಾಸ್‌ವರ್ಡ್ ಕೇಳ್ತಾರೆ, ಏನೇ ಅದು?

"ಅತ್ತೆ ಹೆಸರು ಮಾವ."

"ನಮ್ಮನೆಯೋಳ ಹೆಸರಂತೆ ಅಂತ ಅವ್ರಿಗೆ ಹೇಳ್ತೀನಿ ಬಿಡು," ಅಂದ.

"ಅವ್ರಿಗೆ ಹೆಂಗೆ ಗೊತ್ತಾಗುತ್ತೆ? ಬಾಯ್ಬಿಟ್ಟು ಹೇಳು."

ಮಾವ ಕೆಮ್ಮಿದ. ಇನ್ನೊಂದ್ಸಲ ಕೆಮ್ಮಿದ. ಆಮೇಲೆ ಫೋನ್ ಕಿವಿಯಿಂದ ದೂರ ಹೋಯ್ತು, ಒಂದೊಂದೇ ಎಳೆ ಕೂಡಿಸ್ದಂಗೆ ಅವನ ದನಿ ಕೇಳಿಸ್ತು: "ನಾ... ಗ... ರತ್ನ." ಹಿಂದೆ ಎಲ್ಲೋ ಅತ್ತೆ ನಗು. ಆ ಕಲ್ಲಿನ ಗೋಡೆ ದಾಟಿ ಬಂತು ನೋಡಿ, ನೆಟ್ಟಿಗಿಂತ ಜೋರಾಗಿ.

ಆ ನಾಲ್ಕು ಜನದಲ್ಲಿ ಒಬ್ರಾದ್ರೂ, ಈ ವೈಫೈ ಯಾರು ಮಾಡಿದ್ದು ಅಂತ ಕೇಳಿದ್ರಾ? ಕೇಳ್ಲಿಲ್ಲ. ನೋಡಿ, ಮತ್ತೆ ಉರೀತೈತೆ.